ಪಾಲಿಹೌಸಿನ ಗೊಬ್ಬರದ ನೀರು ಅಡಿಕೆಗೆ ಆದೀತೇ?

ಪ್ರಶ್ನೆ: ನಮ್ಮದು ಬಾಯಾರಿನ ಗುಡ್ಡದ ಇಳಿಜಾರು. 10 ಸೆಂಟ್ಸಿನ ಪಾಲಿಹೌಸಿನಲ್ಲಿ ತೆಂಗಿನ ನಾರಿನ ಹುಡಿ ತುಂಬಿದ ಗ್ರೋ ಬ್ಯಾಗ್‌ಗಳಲ್ಲಿ ಸಲಾಡ್ ಸೌತೆ ಬೆಳೆಯುತ್ತೇವೆ. ಬ್ಯಾಗಿನ ಅಡಿಯಿಂದ ದಿನಕ್ಕೆ ಸುಮಾರು 400 ಲೀಟರ್ ಗೊಬ್ಬರದ ನೀರು ಇಳಿದು ಹೋಗುತ್ತದೆ. ಲ್ಯಾಬ್ ವರದಿ ಪ್ರಕಾರ ಲೀಟರಿಗೆ ಸಾರಜನಕ 200, ರಂಜಕ 40, ಪೊಟ್ಯಾಸಿಯಂ 250 ಮಿಲಿಗ್ರಾಂ. ನೀರಿನ ಉಪ್ಪಿನ ಅಂಶ ತೋರಿಸುವ ಇ.ಸಿ. 2.6. ಇದರಿಂದ ಸ್ಟ್ರುವೈಟ್ ಗೊಬ್ಬರ ತೆಗೆಯಬಹುದೇ? ಅಥವಾ ಕೆಳಗಿನ ಅಡಿಕೆ ತೋಟಕ್ಕೆ ಬಿಡಲೇ?
– ಓದುಗರು, ಬಾಯಾರು

ಉತ್ತರ: ಸ್ಟ್ರುವೈಟ್ ನಿಮ್ಮ ನೀರಿಗೆ ಹೇಳಿದ್ದಲ್ಲ. ಅದು ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಮೂರೂ ಸೇರಿ ಕಟ್ಟುವ ಹರಳು. ಊರ ಚರಂಡಿ ನೀರಿನಲ್ಲಿ ಅಮೋನಿಯಂ ಇರುತ್ತದೆ, ಅಲ್ಲಿ ಸರಿ. ನೀವು ಸೌತೆಗೆ ಕೊಡುವುದು ಕ್ಯಾಲ್ಸಿಯಂ ನೈಟ್ರೇಟ್, ಪೊಟ್ಯಾಸಿಯಂ ನೈಟ್ರೇಟ್ ಅಲ್ವಾ? ಹಾಗಾಗಿ ಸಾರಜನಕ ಬಹುಪಾಲು ನೈಟ್ರೇಟ್ ರೂಪದಲ್ಲೇ ಇರುತ್ತದೆ. ಅದು ನೀರು ಬಿಟ್ಟು ತಳಕ್ಕೆ ಕೂರುವುದಿಲ್ಲ. ಸುಣ್ಣ ಹಾಕಿದರೆ ರಂಜಕ ಮಾತ್ರ ಬಿಳಿ ಗಸಿಯಾಗಿ ಇಳಿದೀತು. ನೀರಿನ ಮೇಲೆ ತೇಲಿ ಬೆಳೆಯುವ ಅಜೋಲಾ ಎಂಬ ಪುಟ್ಟ ಜರಿಗಿಡ ಬೆಳೆಸಿ ಎಂದು ಯಾರಾದರೂ ಹೇಳಬಹುದು. ಅಜೋಲಾಕ್ಕೆ ಗಾಳಿಯ ಸಾರಜನಕವೇ ಸಾಕಾಗುತ್ತದೆ, ನಿಮ್ಮ ನೈಟ್ರೇಟ್ ಹೆಚ್ಚಿನಂಶ ಅಲ್ಲೇ ಉಳಿಯುತ್ತದೆ.

ನೀರಿನಿಂದ ಗೊಬ್ಬರ ತೆಗೆಯುವ ಗೋಜೇ ಬೇಡ. ಆ ನೀರೇ ಗೊಬ್ಬರ. ನಿಮ್ಮ ಅಂಕಿಗಳನ್ನು ಹಿಡಿದು ಲೆಕ್ಕ ಹಾಕಿದೆ. 100 ದಿನದ ಒಂದು ಬೆಳೆಯಲ್ಲಿ ಹೊರಹೋಗುವುದು 8 ಕಿಲೋ ಸಾರಜನಕ, 1.6 ಕಿಲೋ ರಂಜಕ, 10 ಕಿಲೋ ಪೊಟ್ಯಾಸಿಯಂ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಶಿಫಾರಸು ಇರುವುದು ಸಾರಜನಕ 100 ಗ್ರಾಂ, ರಂಜಕ 40, ಪೊಟ್ಯಾಷ್ 140. ಗೊಬ್ಬರದ ಚೀಲದ ಮೇಲೆ ಬರೆಯುವ ರಂಜಕ, ಪೊಟ್ಯಾಷ್ ಆಕ್ಸೈಡ್ ಲೆಕ್ಕದ್ದು. ಹಾಗೆ ಬದಲಾಯಿಸಿದರೆ ನಿಮ್ಮ ರಂಜಕ ಸುಮಾರು 3.7 ಕಿಲೋ, ಪೊಟ್ಯಾಷ್ 12 ಕಿಲೋ. ಮೂರೂ ಹೆಚ್ಚುಕಡಿಮೆ 80 ಮರಗಳ ವರ್ಷದ ಊಟಕ್ಕೆ ಹೊಂದುತ್ತವೆ. ಇಷ್ಟು ಚೆನ್ನಾಗಿ ತಾಳೆಯಾಗುವುದನ್ನು ಕಂಡು ನನಗೆ ನಿಜಕ್ಕೂ ಖುಷಿಯಾಯಿತು.

ಬೇಸಿಗೆಯಲ್ಲಿ 80 ಮರಗಳಿಗೆ ಹಂಚಿದರೆ ಮರಕ್ಕೆ ದಿನಕ್ಕೆ 5 ಲೀಟರ್. ಇದಕ್ಕೆ 12ರಿಂದ 15 ಲೀಟರ್ ಸಾದಾ ನೀರು ಬೆರೆಸಿ ಡ್ರಿಪ್‌ನಲ್ಲಿ ಬಿಡಿ. ಉಪ್ಪಿನ ಅಂಶ ಇಳಿಯುತ್ತದೆ, ಅಡಿಕೆಯ ದಿನದ ನೀರೂ ಆಗುತ್ತದೆ. ಆ ಮರಗಳಿಗೆ ಚೀಲದ ಗೊಬ್ಬರವನ್ನು ಅಷ್ಟೇ ಕಡಿಮೆ ಮಾಡಬೇಕು. ಎರಡೂ ಕೊಟ್ಟರೆ ಲಾಭವೆಲ್ಲ ನೆಲದೊಳಗೆ ಇಳಿದು ಹೋಯಿತು. ಸೊಪ್ಪು, ಹಟ್ಟಿಗೊಬ್ಬರ ಎಂದಿನಂತೆ ಇರಲಿ. ಹೊಸ ನಾರಿನ ಹುಡಿ ತೊಳೆದ ಮೊದಲ ನೀರನ್ನು ಮಾತ್ರ ಇದಕ್ಕೆ ಸೇರಿಸಬೇಡಿ, ಅದರಲ್ಲಿ ಸೋಡಿಯಂ, ಕ್ಲೋರೈಡ್ ಜಾಸ್ತಿ.

ಒಂದೇ ಕಡೆ ಸುಮ್ನೆ ಹರಿಯಬಿಡುವುದು ಖಂಡಿತ ಬೇಡ. ಇದನ್ನು ಒತ್ತಿ ಹೇಳುತ್ತೇನೆ. 200 ಮಿಲಿಗ್ರಾಂ ಸಾರಜನಕ ಅಂದರೆ ಸುಮಾರು 886 ಮಿಲಿಗ್ರಾಂ ನೈಟ್ರೇಟ್. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ 45. ನಮ್ಮ ಮುರಕಲ್ಲಿನ ಗುಡ್ಡ ನೀರನ್ನು ತಡೆದು ನಿಲ್ಲಿಸುವುದಿಲ್ಲ, ಅದಕ್ಕೇ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದಲ್ಲಿ ನೀರು ಒಸರುತ್ತದೆ. ನೀವು ಮೇಲೆ ಬಿಟ್ಟದ್ದನ್ನು ಕೆಳಗಿನ ಮನೆಯವರು ಕುಡಿಯುವಂತಾಗಬಾರದು. ಎಳೆ ಕೂಸುಗಳಿಗೆ ನೈಟ್ರೇಟ್ ಅಪಾಯ, ರಕ್ತ ಆಮ್ಲಜನಕ ಒಯ್ಯುವುದೇ ಕುಂದುತ್ತದೆ.

ಮಳೆಗಾಲದಲ್ಲಿ ತೋಟಕ್ಕೆ ಈ ನೀರು ಬೇಡ, ಕೊಚ್ಚಿಹೋಗುತ್ತದೆ. ಆಗ ತಿರುಗಿಸಿ ಸೌತೆಗೇ ಕೊಡಿ. ಪಾಲಿಹೌಸಿನ ಮಾಡಿನ ಮಳೆನೀರನ್ನು ಟ್ಯಾಂಕಿಗೆ ಹಿಡಿಯಿರಿ, ಅದರಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಸಮಪಾಲು ಬೆರೆಸಿದರೆ ಇ.ಸಿ. 1.3ರ ಹತ್ತಿರ ಬರುತ್ತದೆ. ಉಳಿದ ಕೊರತೆಗೆ ಮಾತ್ರ ಹೊಸ ಗೊಬ್ಬರ ಸೇರಿಸಿ. ಬೇರು ಕೊಳೆಸುವ ಪಿಥಿಯಂ ಒಂದು ಬ್ಯಾಗಿನಿಂದ ಎಲ್ಲಕ್ಕೂ ಹಬ್ಬಬಹುದು. ಹಾಗಾಗಿ ಬೆರೆಸುವ ಮೊದಲು ಮರಳಿನಲ್ಲಿ ಸೋಸಬೇಕು. ಒಂದು ಮೀಟರ್ ಅಗಲದ ಸಿಮೆಂಟ್ ರಿಂಗ್‌ಗಳಲ್ಲಿ ಸುಮಾರು ಒಂದು ಮೀಟರ್ ಎತ್ತರಕ್ಕೆ ಸಣ್ಣ ಮರಳು ತುಂಬಿ, ನೀರು ಹಗಲಿರುಳು ನಿಧಾನ ಇಳಿಯುವಂತೆ ಇಟ್ಟರೆ ನಿಮ್ಮ 400 ಲೀಟರಿಗೆ ಸಾಕು. ಮರಳು ಒಣಗಬಾರದು, ರೋಗದ ಜೀವಿಗಳನ್ನು ಹಿಡಿಯುವ ಪದರ ಸಾಯುತ್ತದೆ.

ಸೋಡಿಯಂ ಅನ್ನು ಸೌತೆ ಹೀರುವುದು ಕಡಿಮೆ, ತಿರುಗಿಸಿದಷ್ಟೂ ಅದು ಏರುತ್ತದೆ. ಇ.ಸಿ. ಮೀಟರ್ ಇದನ್ನು ಬೇರೆಯಾಗಿ ತೋರಿಸುವುದಿಲ್ಲ. ಆಗಾಗ ಲ್ಯಾಬಿಗೆ ಕಳುಹಿಸಿ. ಕಳುಹಿಸುವಾಗ ಕೆಳಗಿನ ಬಾವಿಯ ನೀರನ್ನೂ ಒಂದು ಬಾಟಲಿ ತುಂಬಿಸಿ, ನೈಟ್ರೇಟ್ ನೋಡಿಸಿ.