ಎರಡು ಕಾದಂಬರಿ, ಎರಡು ಕಥೇತರ: ಈ ಲೆಕ್ಕವನ್ನೇ ಬಿಡಿ

ತಿಂಗಳಿಗೆ ಎರಡು ಕಾದಂಬರಿ, ಎರಡು ಕಥೇತರ (ಕತೆಯಲ್ಲದ) ಪುಸ್ತಕ, ಅದೊಂದು ಇದೊಂದು ಎಂದು ಸರದಿಯಲ್ಲಿ ಓದುತ್ತೇನೆ, ವರ್ಷಕ್ಕಾಗುವಷ್ಟು ಪಟ್ಟಿ ಕೊಡಿ ಎಂದು ಕೇಳಿದ್ದೀರಿ. ಪಟ್ಟಿ ಕೊಡುವುದಿಲ್ಲ. ಇದೇ ಲೆಕ್ಕ ಹಾಕಿಕೊಂಡು, ಮೊದಲನೆಯದು ಮುಗಿದ ಮೇಲೆ ಐದು ತಿಂಗಳು ಇನ್ನೊಂದು ಪುಸ್ತಕವನ್ನೂ ಮುಗಿಸದೆ ಕೂತವನು ನಾನು.

ಸಾಹಿತ್ಯ ಸಮ್ಮೇಳನದ ಮಳಿಗೆಗಳಲ್ಲಿ ಒಂದೇ ಮಧ್ಯಾಹ್ನ 24 ಪುಸ್ತಕ ಕೊಂಡಿದ್ದೆ. 12 ಕಾದಂಬರಿ, ಯಾವುದೋ ‘ಓದಲೇಬೇಕಾದ ನೂರು’ ಪಟ್ಟಿಯಿಂದ. ಉಳಿದ 12 ಇನ್ನೊಂದು ಪಟ್ಟಿಯಿಂದ. ಮೊದಲ ಕಾದಂಬರಿ ಒಂಬತ್ತು ದಿನದಲ್ಲಿ ಮುಗಿಯಿತು. ಸರದಿಯ ಎರಡನೆಯ ಪುಸ್ತಕ ಕರ್ನಾಟಕ ಇತಿಹಾಸದ 620 ಪುಟದ ಸಂಪುಟ. 48ನೇ ಪುಟದಲ್ಲಿ ಗಾಡಿ ನಿಂತಿತು. ಸರದಿಯ ನಿಯಮ ಇತ್ತಲ್ಲ, ಇದು ಮುಗಿಯದೆ ಮೂರನೆಯದನ್ನು ಮುಟ್ಟುವಂತಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಮುಂದೆ ನಿಂತವರ ಬೆರಳಚ್ಚು ಬರದಿದ್ದರೆ ಹಿಂದಿನವರೆಲ್ಲ ಬಿಸಿಲಲ್ಲಿ ನಿಲ್ಲುತ್ತಾರೆ ನೋಡಿ, ಹಾಗೆ 22 ಪುಸ್ತಕ ಕಪಾಟಿನಲ್ಲಿ ನಿಂತವು.

ಎಡವಿದ್ದು ಎಲ್ಲಿ ಎಂದು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಒಳಗೇ ಆ ಕಲ್ಲು ಇದೆ.

ಮೊದಲನೆಯದಾಗಿ, ಎರಡನ್ನೂ ‘ಒಂದು ಪುಸ್ತಕ’ ಎಂದು ಎಣಿಸಿದ್ದು. ಸಲೀಸಾದ ಕಾದಂಬರಿ ಅರ್ಧ ಗಂಟೆಗೆ 20 ಪುಟ ಸಾಗುತ್ತದೆ. ರಾಜವಂಶ, ಶಾಸನ, ಇಸವಿ ತುಂಬಿದ ಇತಿಹಾಸ ಅದೇ ಅರ್ಧ ಗಂಟೆಯಲ್ಲಿ 8 ಪುಟ ಸಾಗಿದರೆ ಹೆಚ್ಚು. ದಿನಕ್ಕೆ ಅರ್ಧ ಗಂಟೆ ಎಂದುಕೊಂಡರೆ 250 ಪುಟದ ಕಾದಂಬರಿಗೆ 13 ದಿನ, ಆ ಸಂಪುಟಕ್ಕೆ 78 ದಿನ. ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ನಿಧಾನದ್ದೇ ಗೆಲ್ಲುತ್ತದೆ.

ಎರಡನೆಯದು, ಇತಿಹಾಸವನ್ನು ಕಾದಂಬರಿಯಂತೆ ಒಂದನೇ ಪುಟದಿಂದ ಹಿಡಿದದ್ದು. ಅಂಥ ಸಂಪುಟಗಳು ಶುರುವಾಗುವುದೇ ಭೂಗೋಳ, ಶಿಲಾಯುಗದ ಕಲ್ಲಿನ ಆಯುಧಗಳಿಂದ. ನನಗೆ ಬೇಕಿದ್ದದ್ದು ವಿಜಯನಗರ, ಅದು ಇದ್ದದ್ದು 300ನೇ ಪುಟದ ಆಚೆ. ನೇರ ಅಲ್ಲಿಗೆ ಹೋಗಬಾರದೆಂದು ಯಾರೂ ಹೇಳಿರಲಿಲ್ಲ, ನಾನೇ ಹಾಕಿಕೊಂಡ ಬೇಲಿ ಅದು. ಕೊನೆಯಲ್ಲಿ ಪದಸೂಚಿ ಅಚ್ಚು ಹಾಕಿರುವುದೇ ನಡುವಿನಿಂದ ಓದುವವರಿಗಾಗಿ.

ಮೂರನೆಯದೇ ದೊಡ್ಡದು. ಎರಡು ಬೇರೆ ಪಟ್ಟಿಗಳಿಂದ ಆರಿಸಿದ್ದರಿಂದ ಹಿಂದಿನ ಪುಸ್ತಕಕ್ಕೂ ಮುಂದಿನದಕ್ಕೂ ಸಂಬಂಧವೇ ಇರಲಿಲ್ಲ. ಕಾದಂಬರಿ ಮುಗಿದಾಗ ತಲೆಯಲ್ಲಿ ಹತ್ತು ಪ್ರಶ್ನೆ ಬಿಸಿಯಾಗಿದ್ದವು, ಮುಂದಿನ ಪುಸ್ತಕಕ್ಕೆ ಅವುಗಳಲ್ಲಿ ಒಂದೂ ಗೊತ್ತಿರಲಿಲ್ಲ. ಪ್ರತಿ ಸಲ ತಣ್ಣನೆಯ ಒಲೆಗೆ ಹೊಸದಾಗಿ ಬೆಂಕಿ ಹಚ್ಚುವ ಕೆಲಸ.

‘ಕಥೇತರ’ ಎನ್ನುವ ಪದದ ಮೇಲೂ ನನಗೆ ತಕರಾರಿದೆ. ಅದು ಪುಸ್ತಕದ ಬಗೆಯಲ್ಲ, ಕತೆಯಲ್ಲ ಎನ್ನುವ ಷರಾ ಅಷ್ಟೆ. ಆತ್ಮಕತೆ, ಪ್ರವಾಸ ಕಥನ, ಲಲಿತ ಪ್ರಬಂಧ, ವಿಜ್ಞಾನ, ವಿಮರ್ಶೆ, ಅಂಕಣ ಎಲ್ಲ ಒಂದೇ ಚೀಲದಲ್ಲಿ. ಕನ್ನಡದಲ್ಲಿ ಈ ಗೋಡೆ ಎಂದೂ ಗಟ್ಟಿಯಾಗಿರಲಿಲ್ಲ. ‘ಚೋಮನ ದುಡಿ’ ಬರೆದ ಕಾರಂತರೇ ನಾಲ್ಕು ಸಂಪುಟದ ‘ವಿಜ್ಞಾನ ಪ್ರಪಂಚ’ ಬರೆದರು, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅವರಿಗೆ ಬಂದದ್ದು ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ಕ್ಕೆ. ತೇಜಸ್ವಿಯವರಂತೂ ಈ ಗೋಡೆಯನ್ನು ಲೆಕ್ಕಕ್ಕೇ ಇಟ್ಟವರಲ್ಲ.

ಪ್ರಕಾರಗಳ ಹರವು ನೋಡಬೇಕಿದ್ದರೆ ಆ ಅಕಾಡೆಮಿ ಪ್ರಶಸ್ತಿಯ ಕನ್ನಡ ಸಾಲನ್ನೇ ತೆರೆಯಿರಿ. ಬರೀ ಆರು ವರ್ಷ ಸಾಕು. 1975 ಭೈರಪ್ಪನವರ ‘ದಾಟು’, ಕಾದಂಬರಿ. 1976 ಡಾ. ಎಂ. ಶಿವರಾಂ ಅವರ ‘ಮನ ಮಂಥನ’, ಮನೋವೈದ್ಯದ್ದು. 1977 ಕೆ.ಎಸ್. ನರಸಿಂಹಸ್ವಾಮಿಯವರ ‘ತೆರೆದ ಬಾಗಿಲು’, ಕವನ. 1978 ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’, ಸಸ್ಯಶಾಸ್ತ್ರ. 1979 ಎ.ಎನ್. ಮೂರ್ತಿರಾವ್ ಅವರ ‘ಚಿತ್ರಗಳು ಪತ್ರಗಳು’. 1980 ‘ಅಮೆರಿಕದಲ್ಲಿ ಗೊರೂರು’, ಪ್ರವಾಸ. ಇದನ್ನು ಒಂದರಿಂದ ಓದುತ್ತಾ ಹೋಗಬೇಡಿ, ಮತ್ತೆ ನನ್ನ ಸಾಲಿಗೇ ಬಂದು ನಿಲ್ಲುತ್ತೀರಿ. ಯಾವ ಬಗೆಯನ್ನು ಇದುವರೆಗೆ ಮುಟ್ಟಿಯೇ ಇಲ್ಲ ಎಂದು ಗುರುತಿಸಿಕೊಳ್ಳಲು ಮಾತ್ರ ಬಳಸಿ.

ಹಾಗಾದರೆ ಮುಂದಿನ ಪುಸ್ತಕ ಹುಡುಕುವುದು ಹೇಗೆ? ಇಷ್ಟಪಟ್ಟು ಓದಿದ ಪುಸ್ತಕ ಮುಗಿಸಿದ ದಿನವೇ ಅದರ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಮೂರು ಪದ ಬರೆಯಿರಿ. ಒಂದು ಜಾಗ, ಒಂದು ಕಸುಬು, ಒಂದು ಪ್ರಶ್ನೆ. (ಗ್ರಂಥಾಲಯದ ಪುಸ್ತಕವಾದರೆ ದಯವಿಟ್ಟು ಚೀಟಿಯಲ್ಲಿ.) ‘ಪ್ರೀತಿ’, ‘ಬದುಕು’, ‘ಸಂಬಂಧ’ ಇಂಥವು ನಡೆಯುವುದಿಲ್ಲ, ಅವುಗಳನ್ನು ಹಿಡಿದು ಯಾವ ಕಪಾಟಿಗೂ ಹೋಗಲಾಗದು. ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ ಓದಿದಿರಿ ಎನ್ನಿ. ಮಲೆನಾಡು, ಜೇನು, ಜೀವವಿಕಾಸ. ಹಾರುವ ಓತಿಯ ಹಿಂದೆ ಬಿದ್ದವರ ಕತೆಯಲ್ಲಿ ಜೇನು ಹಿಡಿಯುವ ಮಂದಣ್ಣನೂ ಇದ್ದಾನೆ, ವಿಜ್ಞಾನಿಯೂ ಇದ್ದಾರೆ, ಆದ್ದರಿಂದ ಮೂರೂ ಪದ ಪುಸ್ತಕದಿಂದಲೇ ಬಂದವು.

ಈಗ ಗ್ರಂಥಾಲಯಕ್ಕೆ ಹೋಗಿ. ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿ ಅನುಸರಿಸುವ ಕಡೆ ಪುಸ್ತಕದ ಬೆನ್ನಿನ ಮೇಲಿನ ಚೀಟಿಯೇ ದಾರಿ ತೋರಿಸುತ್ತದೆ. ಕರ್ನಾಟಕದ ಇತಿಹಾಸ 954.87, ಜೇನು ಸಾಕಣೆ 638.1, ಜೀವವಿಕಾಸ 576.8. ಸಸ್ಯ 580, ಪ್ರಾಣಿ 590, ಪ್ರವಾಸ 910ರಿಂದ, ಜಾನಪದ 398, ಜೀವನಚರಿತ್ರೆ 920. ಒಂದು ಕಾದಂಬರಿ ಮೂರು ಕಪಾಟು ತೆರೆಯಿತು. ಪ್ರತಿ ಕಪಾಟಿನ ಎದುರು ಹತ್ತು ನಿಮಿಷ ನಿಂತು ಎರಡೆರಡು ಪುಸ್ತಕ ಇಳಿಸಿ, ಆರರಲ್ಲಿ ಒಂದನ್ನು ಮನೆಗೆ ತನ್ನಿ. ಒಂದೇ.

ಇಲ್ಲಿ ಒಂದು ತೊಡಕಿದೆ. 894.814 ಎಂದರೆ ಕನ್ನಡ ಸಾಹಿತ್ಯ. ನಮ್ಮ ಪ್ರಬಂಧಗಳು, ಲೇಖಕರ ಆತ್ಮಕತೆಗಳು, ಎಷ್ಟೋ ಪ್ರವಾಸ ಕಥನಗಳು 910ಕ್ಕೋ 920ಕ್ಕೋ ಹೋಗದೆ ಈ ಕಾದಂಬರಿಗಳ ಸಾಲಿನಲ್ಲೇ ಸೇರಿಕೊಂಡಿರುತ್ತವೆ. ಕಥೇತರ ಸಿಗುತ್ತಿಲ್ಲ ಎನ್ನುವವರು ಬಹುಪಾಲು ಈ ಕಪಾಟನ್ನು ಬಿಟ್ಟು ಬೇರೆಲ್ಲ ಕಡೆ ಹುಡುಕಿರುತ್ತಾರೆ. ಕಂಪ್ಯೂಟರಿನಲ್ಲಿ ಹುಡುಕುವಾಗ ಕಾಗುಣಿತವನ್ನೂ ಬದಲಿಸಿ ನೋಡಿ: ಕರ್ವಾಲೊ, ಕರ್ವಾಲೋ, ಆಮೇಲೆ ಇಂಗ್ಲಿಷ್ ಲಿಪಿಯಲ್ಲಿ. ‘ಕಾರಂತ’ ಎಂದಷ್ಟೇ ಹಾಕಿದರೆ ಶಿವರಾಮ ಕಾರಂತರ ಜೊತೆ ಬಿ.ವಿ. ಕಾರಂತರೂ ಬರುತ್ತಾರೆ. ಅದು ನಷ್ಟವೇನಲ್ಲ ಬಿಡಿ, ರಂಗಭೂಮಿಯ ಕಪಾಟು ಪುಕ್ಕಟೆಯಾಗಿ ಸಿಕ್ಕಿತು.

ಕೈಗೆತ್ತಿಕೊಂಡ ಗ್ರಂಥಾಲಯದ ಪ್ರತಿಯನ್ನು ತೆರೆಯುವ ಮೊದಲು ಮುಚ್ಚಿದಂತೆಯೇ ಹಿಡಿದು ಅಂಚು ನೋಡಿ. ಹತ್ತಾರು ಬೆರಳು ಆಡಿದ ಹಾಳೆಗಳ ಅಂಚು ಕಂದಾಗಿರುತ್ತದೆ. ಮೊದಲ ಅರವತ್ತು ಪುಟ ಕಂದು, ಆಮೇಲೆ ಕೊನೆಯವರೆಗೂ ಬಿಳಿ ಎಂದರೆ ಎಲ್ಲರೂ ಅಲ್ಲೇ ಕೈಬಿಟ್ಟಿದ್ದಾರೆ. ನಡುವೆ ಎಲ್ಲೋ ಒಂದು ಕಂದು ಪಟ್ಟೆ ಇದ್ದರೆ ಅದೇ ಪುಸ್ತಕದ ಜೀವಾಳದ ಅಧ್ಯಾಯ, ಅಲ್ಲಿಂದಲೇ ಶುರು ಮಾಡಿ. ಕೊನೆಗೆ ಅಂಟಿಸಿದ ದಿನಾಂಕದ ಚೀಟಿಯನ್ನೂ ನೋಡಿ. ಇಪ್ಪತ್ತು ವರ್ಷದಲ್ಲಿ ನಾಲ್ಕೇ ಮುದ್ರೆ ಬಿದ್ದಿದ್ದರೂ ಆ ನಾಲ್ಕೂ ಎರಡೆರಡು ವಾರದ ಅಂತರದಲ್ಲಿದ್ದರೆ, ಒಬ್ಬರೇ ಯಾರೋ ಅದನ್ನು ಬಿಡಲಾರದೆ ಮತ್ತೆ ಮತ್ತೆ ಗಡುವು ಹೆಚ್ಚಿಸಿಕೊಂಡಿರಬಹುದು. ನಾನು ಅಂಥದ್ದನ್ನು ಬಿಟ್ಟು ಬರುವುದಿಲ್ಲ.

ಅಂಗಡಿಯಲ್ಲಿ ಹೊಸ ಪ್ರತಿಗೆ ಈ ಗುರುತುಗಳಿರುವುದಿಲ್ಲ. ಅಲ್ಲಿ ಮುನ್ನುಡಿ, ಬೆನ್ನುಡಿ ಎರಡನ್ನೂ ಬಿಡಿ, ಅವು ಮದುವೆ ಮನೆಯ ಮಾತು. ಕಾದಂಬರಿಯಾದರೆ ಮೊದಲ ಪುಟ, ಆಮೇಲೆ 60ರ ಆಸುಪಾಸಿನ ಒಂದು ಪುಟ ಓದಿ. ಮೊದಲ ಪುಟವನ್ನು ಎಲ್ಲರೂ ತಿದ್ದಿ ತೀಡಿರುತ್ತಾರೆ, 60ನೆಯದು ನಿಜ ಹೇಳುತ್ತದೆ. ಕತೆಯಲ್ಲದ ಪುಸ್ತಕವಾದರೆ ಪರಿವಿಡಿ, ನಡುವಿನ ಒಂದು ಅಧ್ಯಾಯದ ಮೊದಲ ಎರಡು ಪುಟ, ಕೊನೆಯ ಆಕರಗಳ ಪಟ್ಟಿ. ಆಕರಗಳೇ ಇಲ್ಲದ ಇತಿಹಾಸ, ವಿಜ್ಞಾನದ ಪುಸ್ತಕ ಬೇಡ. ಅಂಕಣ ಬರಹಗಳ ಸಂಕಲನವಾದರೆ ಪ್ರತಿ ಲೇಖನದ ಕೆಳಗೆ ದಿನಾಂಕ ಇದೆಯೇ ನೋಡಿ. ಇಲ್ಲದಿದ್ದರೆ ‘ಕಳೆದ ವಾರ ಮಂತ್ರಿಗಳು ಹೇಳಿದಂತೆ’ ಎಂಬಲ್ಲಿ ಯಾವ ವಾರ, ಯಾವ ಮಂತ್ರಿ ಎಂದು ಒದ್ದಾಡುತ್ತೀರಿ.

ಪ್ರಕಾಶಕರ ಜಾಡು ಹಿಡಿಯುವುದೂ ಒಳ್ಳೆಯದು. ವಿಜ್ಞಾನ, ಆರೋಗ್ಯ, ಅನುವಾದಕ್ಕೆ ನವಕರ್ನಾಟಕ. ನಿರಂಜನರ ಸಂಪಾದಕತ್ವದ 25 ಸಂಪುಟದ ‘ವಿಶ್ವ ಕಥಾ ಕೋಶ’ ಅವರದೇ, ಹೊರದೇಶದ ಕತೆಗಳ ರುಚಿಗೆ ಅದರಲ್ಲೊಂದು ಸಂಪುಟ ಸಾಕು. ರಂಗಭೂಮಿ, ಸಾಹಿತ್ಯ ಚಿಂತನೆಗೆ ಹೆಗ್ಗೋಡಿನ ಅಕ್ಷರ ಪ್ರಕಾಶನ. ಧಾರವಾಡದಲ್ಲಿ 1933ರಿಂದ ಮನೋಹರ ಗ್ರಂಥಮಾಲೆ. ಹೊಸ ಕತೆಗಾರರಿಗೆ ಛಂದ ಪುಸ್ತಕ.

ಓದುವ ಕ್ರಮ ಹೀಗಿರಲಿ. ಸರದಿ ಬೇಡ, ಮೂರನ್ನು ಒಟ್ಟಿಗೇ ಇಟ್ಟುಕೊಳ್ಳಿ, ಮೂರು ಜಾಗದಲ್ಲಿ. ದಿಂಬಿನ ಪಕ್ಕ ಕಾದಂಬರಿ. ಹೆಗಲ ಚೀಲದಲ್ಲಿ ಪ್ರಬಂಧವೋ ಸಣ್ಣಕತೆಯೋ, ಬಸ್ಸಿನಲ್ಲಿ ಒಂದೇ ಗುಕ್ಕಿಗೆ ಮುಗಿಯುವಂಥದ್ದು. ಮೇಜಿನ ಮೇಲೆ ಪೆನ್ಸಿಲ್ ಹಿಡಿದು ಓದಬೇಕಾದದ್ದು, ಭಾನುವಾರಕ್ಕೆ ಒಂದು ಅಧ್ಯಾಯ. ಒಟ್ಟಿಗೆ ಎರಡು ಕಾದಂಬರಿ ಮಾತ್ರ ಬೇಡ, ಇವರ ಅತ್ತೆ ಅವರ ಮನೆಗೆ ಹೋಗಿಬಿಡುತ್ತಾಳೆ. ಕಾದಂಬರಿಯನ್ನು ಮೂರು ದಿನಕ್ಕಿಂತ ಹೆಚ್ಚು ಮುಚ್ಚಿಡಬೇಡಿ, ಹೆಸರುಗಳೇ ಮರೆತುಹೋಗುತ್ತವೆ. ಮೇಜಿನ ಪುಸ್ತಕವನ್ನು ತಿಂಗಳು ಬಿಟ್ಟರೂ ನಷ್ಟವಿಲ್ಲ.

ಮೂರಕ್ಕೂ ಒಂದೇ ದಾರ ಇದ್ದರೆ ಸೊಗಸು. ದಿಂಬಿನ ಬಳಿ ‘ಕರ್ವಾಲೊ’ ಇದ್ದಾಗ ಚೀಲದಲ್ಲಿ ‘ಹಸುರು ಹೊನ್ನು’ ಇರಲಿ: ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ಹುಡುಕುತ್ತ ಕಾಡು ಅಲೆದ ಮೇಷ್ಟ್ರ ಪುಸ್ತಕ, ನಗಿಸುತ್ತಲೇ ಸಸ್ಯಶಾಸ್ತ್ರ ಹೇಳಿಕೊಡುತ್ತದೆ. ‘ಮಲೆಗಳಲ್ಲಿ ಮದುಮಗಳು’ ಹಿಡಿದರೆ ಜೊತೆಗೆ ಕುವೆಂಪು ಅವರ ಆತ್ಮಕತೆ ‘ನೆನಪಿನ ದೋಣಿಯಲ್ಲಿ’, ಅದು ಭಾರವೆನಿಸಿದರೆ ಮಗ ತೇಜಸ್ವಿ ಬರೆದ ‘ಅಣ್ಣನ ನೆನಪು’. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಓದುವಾಗ ಚಿತ್ರದುರ್ಗ ಜಿಲ್ಲೆಯ ಗ್ಯಾಸೆಟಿಯರ್ (ಸರ್ಕಾರ ಪ್ರಕಟಿಸಿದ ಜಿಲ್ಲಾ ಮಾಹಿತಿ ಗ್ರಂಥ) ತೆಗೆದು ಇತಿಹಾಸದ ಅಧ್ಯಾಯ ಮಾತ್ರ ಓದಿ. 1779ರಲ್ಲಿ ಹೈದರಾಲಿ ಕೋಟೆ ಹಿಡಿದದ್ದು ಅಲ್ಲಿ ಬೇರೆಯೇ ದನಿಯಲ್ಲಿ ಕೇಳುತ್ತದೆ. ವಸುಧೇಂದ್ರರ ‘ತೇಜೋ ತುಂಗಭದ್ರಾ’ಕ್ಕೆ ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸ ಜೋಡಿ, ಪೋರ್ಚುಗೀಸರಾದ ಪಾಯೆಸ್ ಮತ್ತು ನ್ಯೂನಿಜ್ ಬರೆದಿಟ್ಟ ವರದಿಗಳ ಇಂಗ್ಲಿಷ್ ಅನುವಾದ ಅದರ ಕೊನೆಯಲ್ಲಿದೆ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ನನ್ನ 620 ಪುಟದ ಸಂಪುಟ ಮತ್ತೆ ತೆರೆದದ್ದೂ ಆ ಕಾದಂಬರಿಯ ದೆಸೆಯಿಂದಲೇ, ಎರಡು ಅಧ್ಯಾಯ ಒಂದೇ ವಾರದಲ್ಲಿ ಮುಗಿದವು. 48ನೇ ಪುಟದ ಗುರುತು ಇನ್ನೂ ಅಲ್ಲೇ ಇದೆ, ತೆಗೆಯುವ ಇರಾದೆಯೂ ಇಲ್ಲ.

ಬಿಡುವುದು ಯಾವಾಗ? ಕಾದಂಬರಿಗೆ 40 ಪುಟ, ಉಳಿದವಕ್ಕೆ ಒಂದು ಅಧ್ಯಾಯ. ‘ಮದುಮಗಳು’ ಇದಕ್ಕೆ ಹೊರತು, ಮೊದಲ ನೂರು ಪುಟದಲ್ಲಿ ಊರಿಗೂರೇ ಬಂದು ನಿಲ್ಲುತ್ತದೆ. ಯಾವ ಮನೆ, ಯಾರ ಮಗ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಮುಂದುವರಿಯಿರಿ.

ಇನ್ನು ತಿಂಗಳಿಗೆ ನಾಲ್ಕು ಎಂಬ ಗುರಿ. ಸರಾಸರಿ 250 ಪುಟವೆಂದರೂ ತಿಂಗಳಿಗೆ ಸಾವಿರ, ದಿನಕ್ಕೆ 33 ಪುಟ, ಒಂದು ದಿನವೂ ತಪ್ಪದೆ. ಕೆಲಸಕ್ಕೆ ಹೋಗುವವರಿಗೆ ಇದು ಆಗದ ಮಾತು ಎನ್ನುವುದಿಲ್ಲ, ಆದರೆ ಆಗ ನೀವು ತೆಳ್ಳಗಿನ ಪುಸ್ತಕಗಳನ್ನೇ ಆರಿಸಲು ಶುರು ಮಾಡುತ್ತೀರಿ. ದಿನಕ್ಕೆ 20 ಪುಟ, ತಿಂಗಳಿಗೆ 25 ದಿನ ಇಟ್ಟುಕೊಳ್ಳಿ. 500 ಪುಟ, ಅಂದರೆ ಎರಡು ಪುಸ್ತಕವಾಯಿತು.

ಕೊಳ್ಳುವಾಗ ಇನ್ನೊಂದು. ಹೆಸರಾದ ಕಾದಂಬರಿಗಳು ಮರುಮುದ್ರಣವಾಗುತ್ತಲೇ ಇರುತ್ತವೆ, ಅವಸರ ಬೇಡ, ಗ್ರಂಥಾಲಯದ್ದೇ ಓದಿ. ವಿಜ್ಞಾನ, ಇತಿಹಾಸ, ಜೀವನಚರಿತ್ರೆಗಳ ಮೊದಲ ಮುದ್ರಣ ಖರ್ಚಾದರೆ ಎರಡನೆಯದು ಬರುವುದೇ ಅಪರೂಪ. ಜೇಬಿನ ದುಡ್ಡು ಅದಕ್ಕೆ ಹಾಕಿ, ಕಂಡಾಗಲೇ. ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಹಳೆಯ ಪ್ರತಿ ಕೊಂಡರೆ ದುಡ್ಡು ಕೊಡುವ ಮೊದಲು ಪುಟಸಂಖ್ಯೆಗಳನ್ನು ಒಮ್ಮೆ ತಿರುವಿ ಹಾಕಿ. ಹೊಲಿಗೆ ಹಾಕುವಾಗ 16 ಪುಟದ ಒಂದು ಫಾರಂ ಬಿಟ್ಟುಹೋಗಿರುವುದು, ಅಥವಾ ಒಂದೇ ಫಾರಂ ಎರಡು ಸಲ ಸೇರಿರುವುದು ಹೊಸ ಪುಸ್ತಕಗಳಲ್ಲೂ ಉಂಟು. 96 ಆದಮೇಲೆ 113 ಬಂದರೆ ಅಲ್ಲೇ ವಾಪಸು ಕೊಡಿ.