ಕೊಟ್ಟಿಗೆಯಲ್ಲಿ ವರ್ಕ್‌ಶಾಪ್ ಮಾಡಿ, ಹಕ್ಕಿ ಮಾತ್ರ ಜಗಲಿಯಲ್ಲೇ ಇರಲಿ

ನೀವು ಕೇಳಿದ್ದು ಇಷ್ಟು ಅಲ್ವಾ? ಸಾಗರದ ಹತ್ತಿರ ಮನೆ. ದನ ಕಟ್ಟುವುದು ನಿಂತ ಮೇಲೆ ಕೊಟ್ಟಿಗೆ ಖಾಲಿ ಬಿದ್ದಿದೆ, 10 ಅಡಿಗೆ 16 ಅಡಿ. ಅದನ್ನೇ ಮರಗೆಲಸಕ್ಕೆ, ಚೂರುಪಾರು ಸೋಲ್ಡರಿಂಗ್‌ಗೆ ವರ್ಕ್‌ಶಾಪ್ ಮಾಡಿಕೊಳ್ಳಬೇಕು, ಸಾಮಾನು ಹೇಗೆ ಜೋಡಿಸಲಿ ಅಂತ. ಜೊತೆಗೆ ಕಾಕಟೀಲ್ (ಜುಟ್ಟಿರುವ ಸಣ್ಣ ಗಿಳಿ) ಜೋಡಿಯನ್ನೂ ಚೆರ್ರಿ ಸೀಗಡಿ ತೊಟ್ಟಿಯನ್ನೂ ಅಲ್ಲೇ ಇಟ್ಟರೆ ಕೆಲಸ ಮಾಡುತ್ತಲೇ ನೋಡಿಕೊಳ್ಳಬಹುದಾ ಅಂತ. ಮುಂದೆ ಇಗ್ವಾನಾ ಅನ್ನುವ ದೊಡ್ಡ ಹಲ್ಲಿ ಜಾತಿಯ ಪ್ರಾಣಿ ತರುವ ಆಸೆ ಬೇರೆ.

ಹಕ್ಕಿ, ಸೀಗಡಿಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಅಲ್ಲಿ ಇಡಬೇಡಿ. ನಾನು ಮೈಸೂರಿನಲ್ಲಿ ಮನೆ ಹಿಂದಿನ ಶೆಡ್‌ನಲ್ಲಿ ಇದೇ ಕೆಲಸ ಮಾಡುವವನು, ಕಾಕಟೀಲ್ ಸಾಕಿದವನು, ಸೀಗಡಿಯೂ ಇದೆ. ಆದರೆ ಪ್ರಾಣಿ ಎಲ್ಲ ಮನೆಯೊಳಗೆ, ಗರಗಸ ಎಲ್ಲ ಶೆಡ್‌ನಲ್ಲಿ. ಯಾಕೆ ಅಂದರೆ ಗಾಳಿ. ನಿಮ್ಮ ವರ್ಕ್‌ಶಾಪ್ ಜೋಡಣೆಯೂ ಇದರ ಮೇಲೇ ನಿಂತಿದೆ, ಹಾಗಾಗಿ ಎರಡನ್ನೂ ಒಟ್ಟಿಗೇ ಹೇಳುತ್ತೇನೆ.

ಹಕ್ಕಿಯ ಶ್ವಾಸಕೋಶ ನಮ್ಮದರ ಥರ ಅಲ್ಲ. ಗಾಳಿ ಅದರಲ್ಲಿ ಒಂದೇ ದಿಕ್ಕಿಗೆ ಹರಿಯುತ್ತದೆ, ಉಸಿರು ಎಳೆದಾಗಲೂ ಬಿಟ್ಟಾಗಲೂ ಹೊಸ ಗಾಳಿ ಸಿಗುತ್ತದೆ. ಹಾರುವುದಕ್ಕೆ ಅಷ್ಟು ಆಮ್ಲಜನಕ ಬೇಕೇ ಬೇಕು. ಅದರಿಂದಲೇ ವಿಷದ ಗಾಳಿಯೂ ನಮಗಿಂತ ಬೇಗ, ನಮಗಿಂತ ಜಾಸ್ತಿ ಒಳಗೆ ಹೋಗುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1980ರ ದಶಕದವರೆಗೂ ಕ್ಯಾನರಿ ಹಕ್ಕಿ ಇಟ್ಟುಕೊಳ್ಳುತ್ತಿದ್ದದ್ದು ಇದಕ್ಕೇ: ಹಕ್ಕಿ ಬಿದ್ದರೆ ಗಣಿಯವರು ಓಡಿ ಹೊರಗೆ ಬರಬೇಕು. ಈಗ ನಿಮ್ಮ ಕೊಟ್ಟಿಗೆ ನೆನೆಸಿಕೊಳ್ಳಿ. ಥಿನ್ನರ್, ವಾರ್ನಿಷ್, ಸೋಲ್ಡರ್ ಹೊಗೆ, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಧೂಳು. ಟೆಫ್ಲಾನ್ ಲೇಪ ಇರುವ ಏನೇ ವಸ್ತು 260 ಡಿಗ್ರಿ ದಾಟಿ ಕಾದರೆ ಬರುವ ಹೊಗೆಗೆ ನಮಗೆ ವಾಸನೆಯೂ ಗೊತ್ತಾಗದಿರಬಹುದು, ಹಕ್ಕಿ ಅಲ್ಲೇ ಬಿದ್ದುಹೋಗುತ್ತದೆ. ಇದು ಅಡುಗೆಮನೆಯ ನಾನ್‌ಸ್ಟಿಕ್ ತವಾಗೂ ಅನ್ವಯಿಸುತ್ತದೆ, ಹಕ್ಕಿ ಪಂಜರ ಅಡುಗೆಮನೆ ಪಕ್ಕ ಇದ್ದರೆ ಇವತ್ತೇ ಸರಿಸಿ.

ಸೀಗಡಿ ನೀರಿನಲ್ಲಿದೆ, ಅದಕ್ಕೇನು ಅನ್ನುತ್ತೀರಾ? ತೊಟ್ಟಿಯ ಏರ್ ಪಂಪ್ ಗಾಳಿ ಎಳೆದುಕೊಳ್ಳುವುದು ಎಲ್ಲಿಂದ? ನೀವು ವಾರ್ನಿಷ್ ಹೊಡೆಯುತ್ತಿರುವ ಕೋಣೆಯಿಂದಲೇ. ಇಡೀ ದಿನ ಥಿನ್ನರ್ ಗಾಳಿಯನ್ನು ಗುಳ್ಳೆ ಗುಳ್ಳೆಯಾಗಿ ನೀರಿಗೆ ಬಿಡುತ್ತಾ ಕೂತಿರುತ್ತದೆ.

ಹಾಗಾಗಿ ಗೋಡೆಗೆ ಏನು ನೇತುಹಾಕಲಿ, ಯಾವ ರ್‍ಯಾಕ್ ತರಲಿ ಅನ್ನುವ ಮುಂಚೆ ಗಾಳಿ ಎಲ್ಲಿಂದ ಬಂದು ಎಲ್ಲಿಂದ ಹೋಗುತ್ತದೆ ಅಂತ ನೋಡಿ. ಒಂದು ಊದುಬತ್ತಿ ಹಚ್ಚಿ ನಿಂತರೆ ಸಾಕು, ಹೊಗೆಯೇ ತೋರಿಸುತ್ತದೆ. ಗಾಳಿ ಒಳಗೆ ಬರುವ ಕಡೆ ನಾಜೂಕು ಕೆಲಸ: ಸೋಲ್ಡರಿಂಗ್, ಅಳತೆ, ಅಂಟು ಹಾಕುವುದು. ಹೊರಗೆ ಹೋಗುವ ಕಡೆ ಗರಗಸ, ಸ್ಯಾಂಡರ್, ಗ್ರೈಂಡರ್, ಬಣ್ಣ. ನಿಮ್ಮ ಕಡೆ ಮಳೆ ಪಡುವಣದಿಂದ ಬೀಸಿ ಹೊಡೆಯುತ್ತದೆ, ಆದ್ದರಿಂದ ಎಕ್ಸಾಸ್ಟ್ ಫ್ಯಾನನ್ನು ಪಶ್ಚಿಮದ ಗೋಡೆಗೆ ಹಾಕಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರೇ ಒಳಗೆ ಬರುತ್ತದೆ. ಪೂರ್ವಕ್ಕೆ ಹಾಕಿ, ಆದರೆ ಆ ಕಡೆ ಮನೆಯ ಕಿಟಕಿ ಇರಬಾರದು. ಮಾಸ್ಕ್ ಹಾಕಿಕೊಳ್ಳುವುದು ಬಿಡಬೇಡಿ. ಮರದ ಧೂಳು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿದೆ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಹೇಳಿದೆ. ಬೀಟೆ ಧೂಳಿಗಂತೂ ಎಷ್ಟೋ ಜನರಿಗೆ ಮೈ ಕೆರೆತ ಬರುತ್ತದೆ.

ಇನ್ನು ಕೊಟ್ಟಿಗೆಯ ವಿಷಯ. ಶೆಡ್‌ನಲ್ಲಿ ಇಲ್ಲದ ಎರಡು ತಾಪತ್ರಯ ಕೊಟ್ಟಿಗೆಯಲ್ಲಿ ಇರುತ್ತವೆ. ಒಂದು, ನೆಲ ಗಂಜಲ ಹರಿದುಹೋಗಲಿ ಅಂತ ಇಳಿಜಾರು ಇರುತ್ತದೆ. ಬೆಂಚ್ ಇಟ್ಟರೆ ಅಲ್ಲಾಡುತ್ತದೆ. ನೆಲ ಒಡೆದು ಮಟ್ಟ ಮಾಡಿಸುವ ಖರ್ಚು ಬೇಡ, ಬೆಂಚಿನ ಕಾಲನ್ನೇ ಇಳಿಜಾರಿಗೆ ತಕ್ಕಂತೆ ಕತ್ತರಿಸಿ. ಕಾಲಡಿಗೆ ಒಂದೊಂದು ಟೈಲ್ಸ್ ತುಂಡು ಕೊಡಿ, ಗೆದ್ದಲು ಏರಿದರೆ ಮೊದಲು ಅಲ್ಲೇ ಕಣ್ಣಿಗೆ ಬೀಳುತ್ತದೆ. ಎರಡು, ವರ್ಷಾನುಗಟ್ಟಲೆ ಗಂಜಲ ಕುಡಿದ ಗೋಡೆ. ಕೆಳಗಿನ ಎರಡು ಮೂರು ಅಡಿ ಉಪ್ಪು ಹಿಡಿದಿರುತ್ತದೆ, ಮಳೆಗಾಲದಲ್ಲಿ ತೇವ ಎಳೆದುಕೊಂಡು ಬೆವರುತ್ತದೆ. ಅಲ್ಲಿಗೆ ಕಬ್ಬಿಣ ತಾಗಿಸಿ ಇಡಬೇಡಿ. ಉಳಿ, ಗರಗಸ, ಸ್ಪ್ಯಾನರ್ ಎಲ್ಲ ಎದೆಮಟ್ಟದಿಂದ ಮೇಲೆ.

ಹುಲ್ಲು ಹಾಕುತ್ತಿದ್ದ ಗೋದಲಿ ಇದ್ದರೆ ದಯವಿಟ್ಟು ಒಡೆಸಬೇಡಿ. ಪಟ್ಟಿ, ರೀಪು, ಪೈಪು, ಉದ್ದುದ್ದ ಸಾಮಾನೆಲ್ಲ ಮಲಗಿಸಿ ಇಡಲು ಅದಕ್ಕಿಂತ ಒಳ್ಳೆಯ ಜಾಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. ತಳಕ್ಕೆ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಹಾಸಿ, ಗಾಳಿ ಆಡಲಿ.

ಬೆಂಚಿಗೆ 18 ಎಂಎಂ ಪ್ಲೈವುಡ್ ಒಂದು ಹಾಳೆ ತನ್ನಿ, ನೀರು ಚೆನ್ನಾಗಿ ತಡೆಯುವ ಬಿಡಬ್ಲ್ಯೂಆರ್ ಗ್ರೇಡ್. ತೇವ ಮಾತ್ರ ತಡೆಯುವ ಎಂಆರ್ ಗ್ರೇಡ್ ಅಗ್ಗ ಸಿಗುತ್ತದೆ, ಮಲೆನಾಡಿನ ಮಳೆಗೆ ಅಂಚು ಊದಿಕೊಳ್ಳುತ್ತದೆ. 8 ಅಡಿಗೆ 4 ಅಡಿ ಹಾಳೆಯನ್ನು ಉದ್ದುದ್ದ ಎರಡು ಮಾಡಿಸಿ ಒಂದರ ಮೇಲೊಂದು ಫೆವಿಕಾಲ್ ಹಾಕಿ ಅಂಟಿಸಿದರೆ 8 ಅಡಿ ಉದ್ದ, 2 ಅಡಿ ಅಗಲ, 36 ಎಂಎಂ ದಪ್ಪದ ಹಲಗೆ ಆಯಿತು, ಒಂದು ಚೂರೂ ವೇಸ್ಟ್ ಇಲ್ಲ. ಎರಡು ಅಡಿಗಿಂತ ಅಗಲ ಮಾಡಬೇಡಿ, ಹಿಂದಿನ ಭಾಗ ಬರೀ ಕಸ ಪೇರಿಸುವ ಜಾಗ ಆಗುತ್ತದೆ. ಎತ್ತರ: ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಬರುವ ಮಟ್ಟ. ಸೋಲ್ಡರಿಂಗ್‌ಗೆ ಮಾತ್ರ ಬೇರೆ ಸಣ್ಣ ಮೇಜು, ಕೂತಾಗ ಮೊಣಕೈ ಮಟ್ಟಕ್ಕೆ.

ಗೋಡೆಗೆ ಪೆಗ್‌ಬೋರ್ಡ್ (ಕೊಕ್ಕೆ ಸಿಕ್ಕಿಸುವ ತೂತಿನ ಹಲಗೆ) ತರಬೇಡಿ, ತೇವಕ್ಕೆ ಬಾಗುತ್ತದೆ. ಮರದ ಪಟ್ಟಿಯ ಒಂದು ಅಂಚನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ, ಓರೆ ಅಂಚು ಮೇಲೆ ಬಂದು ಗೋಡೆ ಕಡೆಗೆ ಇಳಿಯುವ ಹಾಗೆ ಅಡ್ಡಡ್ಡ ಹೊಡೆಯಿರಿ. ಇನ್ನೊಂದು ಓರೆ ಪಟ್ಟಿಯನ್ನು ಟೂಲ್ ಸ್ಟ್ಯಾಂಡಿನ ಹಿಂಬದಿಗೆ ತಲೆಕೆಳಗಾಗಿ ಹಾಕಿ. ಸುಮ್ನೆ ಮೇಲಿಂದ ಇಳಿಸಿದರೆ ಕಚ್ಚಿಕೊಂಡು ಕೂರುತ್ತದೆ, ಬೇಡವಾದಾಗ ಎತ್ತಿ ಬೇರೆ ಕಡೆ ತೂಗುಹಾಕಬಹುದು. ಮೊದಲ ಆರು ತಿಂಗಳು ಯಾವ ಟೂಲ್ ಎಲ್ಲಿರಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ, ಬದಲಾಯಿಸುತ್ತಲೇ ಇರುತ್ತೀರಿ. ಗೋಡೆಯ ಪಟ್ಟಿಗೆ ಅಡಿಕೆ ದಬ್ಬೆಯೂ ನಡೆಯುತ್ತದೆ, ಆದರೆ ನೇರವಾಗಿ ಮೊಳೆ ಹೊಡೆದರೆ ಸೀಳುತ್ತದೆ, ಡ್ರಿಲ್ ಮಾಡಿಯೇ ಸ್ಕ್ರೂ ಹಾಕಿ.

ಸ್ಕ್ರೂ, ಮೊಳೆ, ವಾಷರ್ ಎಲ್ಲ ಮುಚ್ಚಳ ಇರುವ ಪಾರದರ್ಶಕ ಡಬ್ಬಿಯಲ್ಲಿ. ಅಷ್ಟೇ, ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎಲ್ಲ ಬೆರೆತ ಒಂದು ಚಿಲ್ಲರೆ ಡಬ್ಬಿ ಇದ್ದೇ ಇರುತ್ತದೆ, ಇರಲಿ ಬಿಡಿ.

ತುಕ್ಕಿಗೆ ಹಳೇ ಮೇಸ್ತ್ರಿಗಳು ಪೆಟ್ಟಿಗೆಯಲ್ಲಿ ಕರ್ಪೂರದ ಬಿಲ್ಲೆ ಹಾಕಿಡುತ್ತಿದ್ದರು, ಮುಚ್ಚಿದ ಪೆಟ್ಟಿಗೆಯಲ್ಲಿ ಕೆಲಸ ಮಾಡುತ್ತದೆ. ಮೇಲೆ ಹೊಲಿಗೆ ಮಷಿನ್ ಎಣ್ಣೆ ಒರೆಸಿ. ಕರ್ಪೂರದ ಬದಲು ನುಸಿಗುಳಿಗೆ ಹಾಕುವವರಿದ್ದಾರೆ, ಹಕ್ಕಿ ಇರುವ ಮನೆಯಲ್ಲಿ ಅದು ಬೇಡವೇ ಬೇಡ.

ಈಗ ಮುಖ್ಯವಾದದ್ದು. ನಿಮ್ಮದು ಅಡಿಕೆ ತೋಟ ಅಂದಿರಿ. ಹಾಗಾದರೆ ಕೊಳೆರೋಗದ ಔಷಧಿಯ ಮೈಲುತುತ್ತ, ಸುಣ್ಣ, ಡ್ರಮ್, ಸ್ಪ್ರೇಯರ್ ಈಗ ಇರುವುದು ಆ ಕೊಟ್ಟಿಗೆಯಲ್ಲೇ ತಾನೇ? ಅದನ್ನು ಬೇರೆ ಕಡೆ ಸಾಗಿಸಿ. ಆ ಔಷಧಿಗೆ, ಅಂದರೆ ಬೋರ್ಡೋ ದ್ರಾವಣಕ್ಕೆ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಹಾಕುತ್ತೀರಿ, ಸೀಗಡಿ ಸಾಯುವುದಕ್ಕೆ ಅದರ ಲವಲೇಶ ಸಾಕು. ಮೈಲುತುತ್ತದಲ್ಲಿರುವುದು ತಾಮ್ರ, ತಾಮ್ರ ಅಂದರೆ ಸೀಗಡಿಗೆ ವಿಷ. ಔಷಧಿ ಕಲಸಿದ ಬಕೆಟ್ ತೊಳೆದಿದ್ದೇನೆ ಅಂತ ಅದರಲ್ಲಿ ತೊಟ್ಟಿಗೆ ನೀರು ಹೊತ್ತರೆ ಮುಗಿಯಿತು ಕಥೆ. ಸೀಗಡಿಗೆ ಬೇರೆ ಬಣ್ಣದ ಬಕೆಟ್ ಇಡಿ, ಅದನ್ನು ಯಾರೂ ಮುಟ್ಟದ ಹಾಗೆ ಮನೆಯವರಿಗೆಲ್ಲ ಹೇಳಿಡಿ. ನಿಮ್ಮ ಉಳಿ, ಗರಗಸಕ್ಕೂ ಮೈಲುತುತ್ತ ಆಗಿಬರುವುದಿಲ್ಲ, ಕಬ್ಬಿಣವನ್ನು ತಿಂದು ಮೇಲೆ ಕೆಂಪಗೆ ತಾಮ್ರ ಕೂರಿಸುತ್ತದೆ. ಗೆದ್ದಲು, ಜಿರಳೆಗೆ ಹೊಡೆಯುವ ಸ್ಪ್ರೇಗಳೂ ಸೀಗಡಿ, ಮೀನುಗಳಿಗೆ ಅಷ್ಟೇ ಕೆಟ್ಟದ್ದು.

ಹಕ್ಕಿಯ ನವಣೆ ಮೂಟೆಯನ್ನೂ ಕೊಟ್ಟಿಗೆಯಲ್ಲಿ ಇಡಬೇಡಿ. ನವಣೆಗೆ ಇಲಿ, ಇಲಿಗೆ ನಾಗರಹಾವು. ಬೆಂಚಿನಡಿ ಕತ್ತಲಲ್ಲಿ ಕೈ ಹಾಕಿ ಮರದ ತುಂಡು ಹುಡುಕುವವರು ನೀವೇ.

ಪ್ರಾಣಿ ಅಲ್ಲಿರುವುದು ಬೇಡ ಅಂದೆ, ಅವುಗಳಿಗೆ ಬೇಕಾದ್ದನ್ನು ಅಲ್ಲಿ ಧಾರಾಳವಾಗಿ ಮಾಡಿ. ಅದೇ ಖುಷಿ. ಪಂಜರಕ್ಕೆ ಜಿಐ ಮೆಶ್ (ಸತು ಲೇಪಿಸಿದ ಕಬ್ಬಿಣದ ಜಾಲರಿ) ಅಗ್ಗ, ಆದರೆ ಕಾಕಟೀಲ್ ಇಡೀ ದಿನ ಕೊಕ್ಕಿನಿಂದ ಅದನ್ನೇ ಕಚ್ಚುತ್ತಿರುತ್ತದೆ, ಸತುವಿನ ಲೇಪ ಹೊಟ್ಟೆಗೆ ಹೋಗಿ ವಿಷ ಏರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಮೆಶ್ ಹಾಕಿ. ಅದು ಆಗದಿದ್ದರೆ ಜಿಐ ಮೆಶ್‌ ಅನ್ನು ವಿನೆಗರ್ ಹಾಕಿ ಬ್ರಷ್‌ನಲ್ಲಿ ಗಸಗಸ ಉಜ್ಜಿ, ಬೆಸುಗೆ ಹತ್ತಿರ ಉಳಿದ ಸತುವಿನ ಹನಿಗಳನ್ನು ಅರದಿಂದ ತೆಗೆದು, ಕೆಲವು ವಾರ ಮಳೆ ಬಿಸಿಲಿಗೆ ಬಿಟ್ಟು ಆಮೇಲೆ ಬಳಸಿ. ಅಪಾಯ ಕಮ್ಮಿ ಆಗುತ್ತದೆ, ಪೂರ್ತಿ ಹೋಗುವುದಿಲ್ಲ. ಕೂರುವ ಕೋಲಿಗೆ ಪೇರಲೆ ಕೊಂಬೆ, ದಪ್ಪ ಸಣ್ಣ ಇರಲಿ. ಕಣಗಿಲೆ ಬೇಡ, ಅದು ವಿಷ. ಸೋಲ್ಡರ್ ಮಾಡಿದ ಮೇಲೆ ಕೈ ತೊಳೆದು, ಅಂಗಿ ಕೊಡವಿ ಹಕ್ಕಿ ಹತ್ತಿರ ಹೋಗಿ. 60/40 ಸೋಲ್ಡರ್‌ನಲ್ಲಿ 40 ಭಾಗ ಸೀಸ, ಅಂಗಿ ಮಡಿಕೆಯಲ್ಲಿ ಸಿಕ್ಕ ಮಿನುಗುವ ಗುಂಡು ಕಾಕಟೀಲ್ ಕಣ್ಣಿಗೆ ಬೀಳದೆ ಇರುವುದಿಲ್ಲ.

ಹಕ್ಕಿಯನ್ನು ದೂರ ಇಡಲು ನಿಮ್ಮ ಸ್ವಾರ್ಥದ ಕಾರಣವೂ ಒಂದಿದೆ. ಕಾಕಟೀಲ್ ಮೈಯಿಂದ ಪೌಡರ್ ಉದುರುತ್ತದೆ, ರೆಕ್ಕೆ ಬಡಿದರೆ ಬೆಳಕಿನಲ್ಲಿ ಕಾಣುತ್ತದೆ. ಹಸಿ ವಾರ್ನಿಷ್ ಮೇಲೆ ಅದು ಕೂತರೆ ಒಣಗಿದ ಮೇಲೆ ಕೈ ಆಡಿಸಿ ನೋಡಿ, ಮರಳು ಕಾಗದ.

ವೈರಿಂಗ್ ಮಾಡಿಸುವಾಗ ವರ್ಕ್‌ಶಾಪ್‌ಗೆ ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), ತೊಟ್ಟಿ ಮತ್ತು ಪಂಜರದ ದೀಪಕ್ಕೆ ಬೇರೆ ಎಂಸಿಬಿ. ಗರಗಸ ಸಿಕ್ಕಿಕೊಂಡು ಟ್ರಿಪ್ ಆದಾಗ ತೊಟ್ಟಿಯ ಪಂಪ್ ನಿಲ್ಲಬಾರದು. ಕರೆಂಟ್ ಸೋರಿದ ಕೂಡಲೇ ಸಪ್ಲೈ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಎರಡೂ ಕಡೆ ಬೇಕು, ಒದ್ದೆ ನೆಲದಲ್ಲಿ ಡ್ರಿಲ್ ಹಿಡಿದು ನಿಲ್ಲುವ ಊರು ನಿಮ್ಮದು.

ಇಗ್ವಾನಾ. ನಿಜ ಹೇಳಲಾ? ಅಂಗಡಿಯಲ್ಲಿ ಗೇಣುದ್ದ ಹಸಿರು ಮರಿ ತೋರಿಸುತ್ತಾರೆ, ಅದು ಬಾಲ ಸೇರಿ ಐದು ಅಡಿ ಬೆಳೆಯಬಲ್ಲದು. ಮಧ್ಯ, ದಕ್ಷಿಣ ಅಮೆರಿಕದ ಬಿಸಿಲಿನ ಪ್ರಾಣಿ. ಮೈ ಕಾಯಿಸಿಕೊಳ್ಳಲು 35 ಡಿಗ್ರಿ ಜಾಗ ಬೇಕು, ಮೂಳೆ ಗಟ್ಟಿ ಇರಲು ಬಿಸಿಲಿನಲ್ಲಿರುವ ಯುವಿಬಿ ಅನ್ನುವ ನೇರಳಾತೀತ ಬೆಳಕು ಬೇಕು, ಕಿಟಕಿ ಗಾಜಿನ ಒಳಗೆ ಅದು ಬರುವುದಿಲ್ಲ. ನಿಮ್ಮಲ್ಲಿ ಜುಲೈಯಲ್ಲಿ ಸೂರ್ಯನ ಮುಖವೇ ಕಾಣದ ವಾರಗಳಿವೆ, ಕರೆಂಟೂ ಆಗಲೇ ಹೋಗುವುದು. ಊಟದ ತೊಂದರೆ ಇಲ್ಲ, ನುಗ್ಗೆಸೊಪ್ಪು, ದಾಸವಾಳದ ಎಲೆ ಹೂವು ಮನೆ ಹಿಂದೆಯೇ ಸಿಗುತ್ತದೆ. ಆದರೆ ಒಂದು ಕೋಣೆಯಷ್ಟು ಗೂಡು ಕಟ್ಟುವ ತಾಕತ್ತಿಲ್ಲದೆ ತರಬೇಡಿ.

ಕಾಗದಪತ್ರವೂ ಇದೆ. ಇಗ್ವಾನಾ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದ ಪ್ರಾಣಿ. 2022ರಲ್ಲಿ ವನ್ಯಜೀವಿ ಕಾಯಿದೆ ತಿದ್ದಿದ ಮೇಲೆ, 2024ರ ನಿಯಮದ ಪ್ರಕಾರ ಇಂಥ ಪ್ರಾಣಿ ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಬಿಲ್ ಕೊಡದ, ಎಲ್ಲಿಂದ ಬಂತು ಅಂತ ಬಾಯಿ ಬಿಡದ ಅಂಗಡಿಯವನ ಹತ್ತಿರ ಕೊಳ್ಳಬೇಡಿ. ಕಾಕಟೀಲ್ ಆ ಪಟ್ಟಿಯಲ್ಲಿಲ್ಲ, ಆರಾಮಾಗಿರಿ. ನಕ್ಷತ್ರ ಆಮೆ, ನಮ್ಮ ಹಸಿರು ಗಿಳಿ, ಎರಡು ತಲೆ ಹಾವು ಅಂತ ಕರೆಯುವ ಮಣ್ಣುಮುಕ್ಕ ಹಾವು, ಇವನ್ನು ಅದೃಷ್ಟ ತರುತ್ತದೆ ಅಂತ ಯಾರಾದರೂ ಕೊಡಲು ಬಂದರೆ ಮುಟ್ಟಲೂ ಹೋಗಬೇಡಿ. ಅವು ನಮ್ಮ ಕಾಡಿನವು, ಮನೆಯಲ್ಲಿ ಇಟ್ಟುಕೊಂಡರೆ ಜೈಲು.

ಕೊಟ್ಟಿಗೆ ಬಾಗಿಲು ಯಾವ ದಿಕ್ಕಿಗೆ, ಗೋಡೆ ಮಾಡಿನವರೆಗೂ ಇದೆಯಾ ಅರ್ಧಕ್ಕೇ ನಿಂತಿದೆಯಾ, ಮೀಟರ್ ಬೋರ್ಡ್ ಎಲ್ಲಿದೆ, ಇಷ್ಟು ಬರೆಯಿರಿ. ಫ್ಯಾನ್ ಎಷ್ಟು ಇಂಚಿನದು ಬೇಕು, ಬೆಂಚ್ ಯಾವ ಗೋಡೆಗೆ ಅಂತ ಆಮೇಲೆ ಹೇಳುತ್ತೇನೆ. ಅಲ್ಲಿಯವರೆಗೆ ಪ್ಲೈವುಡ್ ತರಬೇಡಿ.