ಮಳೆ ಹಿಡಿದ ಕೂಡಲೇ ಮರಳುವ ಗಜಕರ್ಣ

ಅಕ್ಕಾ, ಯಜಮಾನರ ತೊಡೆಸಂದಿಯ ಗಜಕರ್ಣ ಮುಲಾಮು ಹಚ್ಚಿದರೆ ಹೋಗಿ, ಜೂನ್ ಮಳೆಗೆ ಮತ್ತೆ ಬರುತ್ತದೆ, ಈಗ ಮಗನಿಗೂ ಅಂಟಿದೆ, ಮನೆಯಲ್ಲಿ ತಡೆಯುವುದು ಹೇಗೆ ಎಂದು ಕೇಳಿದ್ದೀರಿ.

ಮೊದಲು ಆ ಟ್ಯೂಬಿನ ಮೇಲೆ ಏನು ಬರೆದಿದೆ ನೋಡಿ. ಕ್ಲೋಬೆಟಸಾಲ್, ಬೆಕ್ಲೊಮೆಥಾಸೋನ್ ಅಂತಿದ್ದರೆ ಅದು ಸ್ಟೀರಾಯ್ಡ್. ತುರಿಕೆ ಬೇಗ ಇಳಿಯುತ್ತದೆ, ಆದರೆ ಗಜಕರ್ಣ ತರುವ ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ದಯವಿಟ್ಟು ಅದನ್ನು ಮುಂದುವರಿಸಬೇಡಿ. ಟ್ಯೂಬ್ ಹಿಡಿದುಕೊಂಡೇ ಇಬ್ಬರನ್ನೂ ಒಟ್ಟಿಗೆ ಚರ್ಮವೈದ್ಯರ ಹತ್ತಿರ ಕರೆದೊಯ್ಯಿರಿ. ಕಲೆ ಮಾಯವಾದ ಮೇಲೂ ಅವರು ಹೇಳಿದಷ್ಟು ದಿನ ಔಷಧ ನಡೆಯಲಿ.

ನಮ್ಮ ಶಿರಸಿ ಕಡೆ ಮಳೆಗಾಲದ ದೊಡ್ಡ ತೊಂದರೆ ಒಣಗದ ಬಟ್ಟೆ. ಅರೆಹಸಿ ಚಡ್ಡಿಯಲ್ಲಿ ತೋಟಕ್ಕೆ ಹೋದರೆ ಸಂಜೆವರೆಗೂ ಸಂದಿ ಒದ್ದೆಯೇ. ಒಳಉಡುಪು, ಪಂಚೆ, ಟವೆಲ್ಲುಗಳನ್ನು ಸುಮಾರು 60 ಡಿಗ್ರಿ ಬಿಸಿನೀರಲ್ಲಿ ಒಗೆದು, ಬಚ್ಚಲ ಒಲೆಯ ಹತ್ತಿರ ಹಗ್ಗ ಕಟ್ಟಿ ಒಣಗಿಸಿ, ಇಸ್ತ್ರಿ ಮಾಡಿಯೇ ಕೊಡಿ. ಅಪ್ಪ-ಮಗನಿಗೆ ಒಂದೇ ಟವೆಲ್ ಖಂಡಿತ ಬೇಡ.

ಗಮ್‌ಬೂಟು ಹಾಕುವವರಾದರೆ ಕಾಲ್ಬೆರಳ ಸಂದಿಯನ್ನೂ ನೋಡಿ. ಎಷ್ಟೋ ಸಲ ಸೋಂಕು ಅಲ್ಲಿಂದಲೇ ತೊಡೆಗೆ ಬರುತ್ತದೆ. ಹಾಗಿದ್ದರೆ ಚಡ್ಡಿಗಿಂತ ಮೊದಲು ಸಾಕ್ಸ್ ಹಾಕಿಕೊಳ್ಳಲಿ.

ಬೆಳ್ಳುಳ್ಳಿ ಅರೆದು ಹಚ್ಚಬೇಡಿ, ಚರ್ಮ ಸುಡುತ್ತದೆ. ಸಕ್ಕರೆ ಕಾಯಿಲೆ ಇದ್ದರೂ ಗಜಕರ್ಣ ಮರಳಿ ಬರಬಹುದು, ಯಜಮಾನರ ರಕ್ತದ ಸಕ್ಕರೆಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿ.